ಗುಲಾಬಿ ತಲೆಯ ಬಾತು

(ಡೊಂಬಿವಲಿ ಸ್ಟೇಷನ್ನಿನ ಸೇತುವೆ. ರಾಯರ ಕೊರಳಲ್ಲಿ ಬೈನಾಕ್ಯುಲರ್, ಶೆಟ್ಟರ ಹೆಗಲಲ್ಲಿ ಮಾರುದ್ದದ ಲೆನ್ಸು.)

ಶೆಟ್ಟರು: ಗುಟ್ಟಿನ ವಿಷಯ ರಾಯರೇ. ಇಲ್ಲೇ ಖಾಡಿ ಹತ್ರ ಗುಲಾಬಿ ತಲೆಯ ಬಾತು ಕಂಡೆ!

ರಾಯರು: ಅದು ಖಚಿತವಾಗಿ ಕಂಡದ್ದು 1935ರಲ್ಲಿ, ಬಿಹಾರದ ದರ್ಭಂಗಾದಲ್ಲಿ. ಅದೇ ಕೊನೆ.

ಶೆಟ್ಟರು: ಹಾಗೆ ಹೇಳಿದವರು ಡೊಂಬಿವಲಿಗೆ ಬಂದು ನೋಡಿದ್ದಾರಾ ಮಾರಾಯ್ರೆ?

ರಾಯರು: ರೆಡ್ ಕ್ರೆಸ್ಟೆಡ್ ಪೋಚಾರ್ಡ್ ಇರಬೇಕು. ಕಿತ್ತಳೆ ತಲೆ, ಕೆಂಪು ಕೊಕ್ಕು. ಬಲ್ಲವರೇ ಬೇಸ್ತು ಬಿದ್ದಿದ್ದಾರೆ.

ಶೆಟ್ಟರು: ಗುಲಾಬಿಯೇ! 2014ರಲ್ಲಿ ನಿಮ್ಮ ಡೊಂಬಿವಲಿಯಲ್ಲಿ ಹಸಿರು ಮಳೆ, 2020ರಲ್ಲಿ ಎಂಐಡಿಸಿ ಕಾರ್ಖಾನೆಗಳ ರಸ್ತೆಯೇ ಗುಲಾಬಿ. ಒಂದು ಬಾತಿನ ತಲೆಗೆ ಬಣ್ಣ ಹತ್ತಲಿಕ್ಕೆ ಎಷ್ಟು ಹೊತ್ತು?

ರಾಯರು: ಹಾಗಾದರೆ ಅದು ವಲಸೆ ಹಕ್ಕಿಯಲ್ಲ, ಸ್ಥಳೀಯ ಉತ್ಪನ್ನ. ಅಲ್ಲ ಸ್ವಾಮಿ, ಠಾಣೆ ಖಾಡಿಗೆ 2022ರಲ್ಲೇ ರಾಮ್ಸಾರ್ ಜೌಗುತಾಣದ ಪಟ್ಟ ಸಿಕ್ಕಿದೆ. ಅದನ್ನು ಬಿಟ್ಟು ಈ ಗಟಾರಕ್ಕೆ ಇಳಿಯುತ್ತದೆಯೇ?

ಶೆಟ್ಟರು: ಅಲ್ಲಿ ಫ್ಲೆಮಿಂಗೋಗಳ ರಶ್ಶು. ಎಂಟೂವರೆಯ ಫಾಸ್ಟ್ ಲೋಕಲ್ ಹಾಗೆ, ಕಾಲಿಡಲಿಕ್ಕೆ ಜಾಗ ಇಲ್ಲ.

ರಾಯರು: ಸರಿ, ಎಲ್ಲಿ ಅಂತ ಹೇಳಿ.

ಶೆಟ್ಟರು: ಛೆ! ಜನ ನುಗ್ಗಿದರೆ ಹಕ್ಕಿಗೆ ಉಪದ್ರ. ಯಾರಿಗೂ ಹೇಳಿಲ್ಲ. ಕಲ್ಯಾಣದ ಗುಂಪು, ಠಾಣೆಯ ಗುಂಪು, ಮತ್ತೆ ಸೀವುಡ್ಸಿನವರು, ಅಷ್ಟೆ. ಎಲ್ಲರಿಗೂ ಗುಟ್ಟಾಗಿಯೇ.

ರಾಯರು: ಫೋಟೊ?

(ಶೆಟ್ಟರು ಕ್ಯಾಮೆರಾ ಚಾಚುತ್ತಾರೆ. ಪರದೆ ತುಂಬ ಜನರ ಬೆನ್ನು, ಮೂರು ಟ್ರೈಪಾಡು, ಒಂದು ಹಳದಿ ಟೋಪಿ.)

ರಾಯರು: ಬಾತೆಲ್ಲಿ?

ಶೆಟ್ಟರು: ಆ ಹಳದಿ ಟೋಪಿಯವರಿಗೆ ಸರೀ ಕಂಡಿದೆಯಂತೆ. ಅವರನ್ನೇ ಕೇಳಬೇಕು.