ಹೆಸರು ಟರ್ಬೊ, ಕೆಲಸ ಮೂಗುದಾರ!

ಕಲಬುರಗಿ ಇನ್ನೂ ಗುಲ್ಬರ್ಗಾ ಆಗಿದ್ದ ಕಾಲದಲ್ಲಿ ಅಲ್ಲಿನ ಕಂಪ್ಯೂಟರ್ ಕ್ಲಾಸೊಂದರಲ್ಲಿ ದುಡಿದು, ಈಗ ಕಮಲಾಪುರದ ಬಾಳೆ ಬೆಳೆಗಾರರೊಬ್ಬರ ಅಟ್ಟದ ಮೇಲೆ ನಿವೃತ್ತಿಯಲ್ಲಿರುವ 386 ಕಂಪ್ಯೂಟರಿನ ಟರ್ಬೊ ಬಟನ್ ಜೊತೆ ಮಾತುಕತೆ. ಹುಮನಾಬಾದ್ ಬಸ್ಸಿಳಿದು ಹೋಗಿ ಧೂಳು ಒರೆಸಿದ್ದಕ್ಕೆ ‘ಟಕ್’ ಎಂದು ನಮಸ್ಕರಿಸಿತು.

ಟರ್ಬೊ ಅಂದರೆ ವೇಗ. ನಿಮ್ಮನ್ನು ಒತ್ತಿದರೆ ಕಂಪ್ಯೂಟರ್ ಓಡುತ್ತಿತ್ತಂತೆ?

ಓಡೋದು ಅದರ ಹುಟ್ಟುಗುಣ ರೀ. ಅದಕ್ಕ ಮೂಗುದಾರ ಹಾಕೋದು ನನ್ನ ಕೆಲಸ. ಆದ್ರ ‘ನಿಧಾನ’ ಅಂತ ಬರದ್ರ ಯಾರು ರೊಕ್ಕ ಕೊಟ್ಟು ತೊಗೋತಾರ?

ಓಡುವುದನ್ನು ತಡೆಯುವುದೇಕೆ?

ಆಟದ ಸಲುವಾಗಿ. 1981ರ ಐಬಿಎಂ ಪಿಸಿ ವೇಗ 4.77 ಮೆಗಾಹರ್ಟ್ಸ್. ಆಗ ಆಟ ಬರದವರು ಕೆಲವರು ಗಡಿಯಾರ ನೋಡ್ಲಿಲ್ಲ. ‘ಹತ್ತು ಸಾವಿರ ತನಕ ಎಣಿಸು, ಆಮ್ಯಾಲ ಒಂದು ಹೆಜ್ಜಿ ಇಡು’ ಅಂದ್ರು. ‘ಕಮಲಾಪುರ ಅಂದ್ರ ಎರಡು ಸಲ ಎಲಿ-ಅಡಿಕಿ ಹಾಕ್ಕೊಳ್ಳೋ ದಾರಿ’ ಅಂದಂಗ. ಅಜ್ಜನ ಬಾಯಿಗೆ ಲೆಕ್ಕ ಬರೋಬ್ಬರಿ. ಮೊಮ್ಮಗ ಪಟಪಟ ಜಗದು, ‘ಕಮಲಾಪುರ ಬಂತು’ ಅಂತ ಅಡವ್ಯಾಗ ಇಳದುಬಿಟ್ಟ! ಜೋರು ಯಂತ್ರನೂ ಹಂಗ ಪಟಪಟ ಎಣಿಸಿ ಆಟ ಓಡಿಸಿಬಿಡ್ತದ, ಅದಕ್ಕ ನಾನು.

ಯಂತ್ರದೊಳಗೆ ಗಡಿಯಾರವೇ ಇರಲಿಲ್ಲವೆ?

ಇತ್ತಲ್ರಿ! ಆ ಐಬಿಎಂ ಪಿಸಿಯಾಗ 8253 ಅಂತ ಟೈಮರ್ ಚಿಪ್, ಪಾಪ, ಅಲ್ಲೇ ಕುಂತಿದ್ದ. ಅಮೆರಿಕದ ಬಣ್ಣದ ಟಿವಿ ಲೆಕ್ಕಕ್ಕ ಹೊಂದಿಸಿದ 14.31818 ಮೆಗಾಹರ್ಟ್ಸ್ ಹರಳು ಒಂದಿತ್ತು. ಅದನ್ನ ಮೂರರಿಂದ ಭಾಗಿಸಿದ್ರ ಪ್ರೊಸೆಸರಿಗೆ 4.77, ಹನ್ನೆರಡರಿಂದ ಭಾಗಿಸಿದ್ರ ಟೈಮರಿಗೆ 1.193. ಟೈಮರ್ ಅದನ್ನ ಮತ್ತ 65,536ರಿಂದ ಭಾಗಿಸಿ ಸೆಕೆಂಡಿಗೆ 18.2 ಸಲ ಗಂಟಿ ಬಾರಿಸ್ತಾನ. 1984ರಾಗ ಪಿಸಿ ಎಟಿ ಬಂತು, ಪ್ರೊಸೆಸರ್ 6 ಮೆಗಾಹರ್ಟ್ಸ್ ಆತು. ಮುಂದ 386, 486. ಗಂಟಿ ಮಾತ್ರ ಅದೇ 18.2. ಆ ಗಂಟಿ ಕೇಳಿ ಹೆಜ್ಜಿ ಇಟ್ಟ ಆಟ, ಯಂತ್ರ ಎಷ್ಟು ಜೋರಾದ್ರೂ ಹದ ತಪ್ಪಲಿಲ್ಲ.

ನಿಮ್ಮ ಪಕ್ಕದಲ್ಲೇ ಮೆಗಾಹರ್ಟ್ಸ್ ತೋರಿಸುವ ಅಂಕಿ ಇದೆಯಲ್ಲ?

(ಟಕ್ ಟಕ್ ನಕ್ಕು) ಅದು ಅಳದಿದ್ದಲ್ರಿ, ಹಿಂದ ಜಂಪರ್ ಚುಚ್ಚಿ ಬರಸಿದ್ದು. 33 ಅಂತ ಚುಚ್ಚಿದ್ರ 33, 99 ಅಂದ್ರ 99. ಫೈಲಿನಾಗ ಕಾಮಗಾರಿ ಮುಗದಂಗ!

ನಿಮ್ಮಿಂದಲಾದರೂ ಆಟಗಳು ಸರಿಹೋದವೆ?

ಖರೇ ಹೇಳ್ತೀನಿ, ನನಗ ಗೊತ್ತಿರೋದು ಎರಡೇ ಗೇರು. ನಿಧಾನ ಅಂದ್ರೂ ಬಹಳ ಸಲ 4.77ಕ್ಕ ಇಳೀತಿದ್ದಿಲ್ಲ. ಪೆಂಟಿಯಂ ಕಾಲಕ್ಕ ನನ್ನ ಹುದ್ದೇನೇ ಹೋತು. ಪ್ರೋಗ್ರಾಂ ಬರಿಯೋ ಟರ್ಬೊ ಪ್ಯಾಸ್ಕಲ್ ಅಂತ ನನ್ನ ಹೆಸರಿನಾಂವ ಒಬ್ಬ ಜಾಣ ಇದ್ದ. ಎರಡು ಗಂಟಿ ನಡುವಿನ 55 ಮಿಲಿಸೆಕೆಂಡಿನಾಗ ಎಷ್ಟು ಎಣಿಸ್ತೀನಿ ಅಂತ ನೋಡಿ, 55ರಿಂದ ಭಾಗಿಸಿ ಇಟ್ಕೋತಿದ್ದ. ಮುಂದ ಯಂತ್ರ ಎಷ್ಟು ಜೋರಾತಂದ್ರ, ಬಂದ ಉತ್ತರ 16 ಬಿಟ್ಟಿನ ಡಬ್ಬ್ಯಾಗ ಹಿಡೀಲಿಲ್ಲ. ‘ರನ್‌ಟೈಮ್ ಎರರ್ 200’ ಅಂತ ಹೊಸ್ತಿಲದಾಗೇ ಬಿದ್ದ.

ಈಗ ಆ ಹಳೆಯ ಆಟಗಳ ಗತಿ?

ಹಳೇ ಆಟ ಆಡಿಸೋ ಡಾಸ್‌ಬಾಕ್ಸ್ ಅನ್ನೋ ತಂತ್ರಾಂಶ ಅದಲ್ಲ. ಒಂದು ಮಿಲಿಸೆಕೆಂಡಿಗೆ ಇಷ್ಟೇ ಸೂಚನೆ ನಡೀಬೇಕು ಅಂತ ‘ಸೈಕಲ್ಸ್’ ಲೆಕ್ಕ ಕೊಟ್ರ, ಇವತ್ತಿನ ಯಂತ್ರನೂ ಮುದುಕನ ಹೆಜ್ಜಿ ಹಾಕ್ತದ. ನನ್ನ ಮೊಮ್ಮಗ ಅನ್ರಿ.

ಆಟ ಬರೆಯುವವರಿಗೆ ಕಿವಿಮಾತು?

ಕೆಳಗಿಳದು ತೋಟ ನೋಡ್ರಿ. ಕಮಲಾಪುರದ ಕೆಂಪು ಬಾಳಿ ಕೈಗೆ ಬರ್ಲಿಕ್ಕ ಸುಮಾರು ಒಂದೂವರಿ ವರ್ಷ ಬೇಕು. ಎತ್ತು ಹೂಡಿದ ಕಾಲಕ್ಕೂ ಅಷ್ಟೇ, ಟ್ರ್ಯಾಕ್ಟರ್ ಬಂದ ಮ್ಯಾಲೂ ಅಷ್ಟೇ. ಮಾಲಕ ಗಡಬಡ ಮಾಡಿದ್ರ ಗೊನಿ ಗಡಬಡ ಮಾಡ್ತದೇನು? ತಮ್ಮ ಕಾಲು ಎಷ್ಟು ಜೋರು ಅಂತ ಎಣಿಸೋದು ಬಿಟ್ಟು ಗಡಿಯಾರ ಕೇಳಿದ್ರ ಮುಗೀತು.

ಬಟನ್‌ಗೆ ಕೈಮುಗಿದು ಬಸ್ ನಿಲ್ದಾಣಕ್ಕೆ ಬಂದು, ಕಲಬುರಗಿ ಬಸ್ ಎಷ್ಟೊತ್ತಿಗೆ ಎಂದು ಕೇಳಿದೆ. ‘ಒಂದು ಚಹಾ ಕುಡೀರಿ, ಬರ್ತದ’ ಎಂದರು.

ಮೂರು ಚಹಾ ಕುಡಿದೆ.