ಹೆಪ್ಪು ಯಾರ ಮನೆಯದು?

ನಮ್ಮ ಆಫೀಸಿನ ಕೋಡಿನಲ್ಲಿ ‘ಕಾಮನ್’ ಅಂತ ಒಂದು ಫೋಲ್ಡರ್ ಇದೆ. ಒಳಗೆ ‘ಯುಟಿಲ್ಸ್’, ಪಕ್ಕದಲ್ಲೇ ‘ಯುಟಿಲ್ಸ್ ನ್ಯೂ’, ಅದಕ್ಕೊಬ್ಬ ತಮ್ಮ ‘ಯುಟಿಲ್ಸ್ ನ್ಯೂ ಫೈನಲ್’. ಅಜ್ಜಿಮನೆ ಅಟ್ಟ ಥೇಟು ಹೀಗೇ ಇತ್ತು. ಹತ್ತಿಸೋರು ಎಲ್ಲರೂ, ಇಳಿಸಿ ಧೂಳು ಹೊಡೆಯೋರು ಯಾರೂ ಇಲ್ಲ.

ಅಲ್ಲಿ ರೂಪಾಯಿಗೆ ಕಾಮಾ ಹಾಕುವ ಪುಟ್ಟ ಫಂಕ್ಷನ್ ಒಂದಿತ್ತು. ಲಕ್ಷ ಕೊಟ್ಟರೆ 1,00,000 ಅಂತ ನೀಟಾಗಿ ಬರೆದುಕೊಡೋದು. ಐದು ಪ್ರಾಜೆಕ್ಟುಗಳು ಅದನ್ನೇ ನೆಚ್ಚಿದ್ದವು. ಒಂದು ಸಂಜೆ ಅಮೆರಿಕದ ಗಿರಾಕಿಯ ಕೆಲಸ ಮಾಡುವ ಪುಣ್ಯಾತ್ಮ ಬಂದು, ಅದನ್ನು 100,000 ಮಾಡಿ, ಕಾಫಿಗೆ ಹೋದ. ಬೆಳಿಗ್ಗೆ ಬಿಲ್ಲಿಂಗ್‌ನವರ ಫೋನು: “ಯಾರ್ರೀ ನಮ್ಮ ಲಕ್ಷ ಮುಟ್ಟಿದ್ದು?” ಪಂಚಾಯ್ತಿ ಕೂತಿತು. ‘ದೇಸಿಯೋ ಅಲ್ಲವೋ’ ಅಂತ ಒಂದು ಪ್ಯಾರಾಮೀಟರ್ ಸೇರಿತು. ಆಮೇಲೆ ಪೈಸೆ ಬೇಕೋ ಬೇಡವೋ, ಸಾಲಕ್ಕೆ ಮೈನಸ್ಸೋ ಬ್ರ್ಯಾಕೆಟ್ಟೋ... ಈಗ ಒಂಬತ್ತಾಗಿವೆ. ಅದನ್ನು ಕರೆಯುವುದಕ್ಕಿಂತ ಹೊಸದು ಬರೆಯುವುದೇ ಸಲೀಸು.

ಇಂಥ ಹೊತ್ತಿಗೆ ನಮ್ಮ ಲೀಡ್ ಗೂಗಲ್ ಪುರಾಣ ಬಿಚ್ಚುತ್ತಾರೆ. 2015ರ ಹೊತ್ತಿಗೇ ಅವರದು ಒಂದೇ ರೆಪೊದಲ್ಲಿ 200 ಕೋಟಿ ಸಾಲು ಅಂತೆ! ಹೌದು ಸಾರ್. ಯಾರ ಬದಲಾವಣೆ ಯಾರ ಅಡುಗೆ ಸೀಯಿಸುತ್ತೆ ಅಂತ ಮೊದಲೇ ಹೇಳುವ ಟೆಸ್ಟುಗಳೂ ಅವರಲ್ಲಿವೆ. ನಮ್ಮಲ್ಲಿರೋ ಟೆಸ್ಟು ಬಿಲ್ಲಿಂಗ್‌ನವರ ಫೋನು.

ಪರರ ಕೋಡು ನೆಚ್ಚಿದವರ ಪಾಡೂ ಗೊತ್ತಲ್ಲ. 2016ರ ಮಾರ್ಚಿನಲ್ಲಿ ‘ಲೆಫ್ಟ್‌ಪ್ಯಾಡ್’ ಅನ್ನೋ 11 ಸಾಲಿನ ಕೋಡು, ಪದದ ಎಡಕ್ಕೆ ಖಾಲಿ ಜಾಗ ತುಂಬುವ ಭಾರೀ ಕೆಲಸದ್ದು, ಎನ್‌ಪಿಎಂ ಅನ್ನೋ ಊರೆಲ್ಲರ ಕೋಡು ಉಗ್ರಾಣದಿಂದ ಮಾಯವಾಯಿತು. ತನ್ನ ಇನ್ನೊಂದು ಪ್ಯಾಕೇಜಿನ ಹೆಸರು ಕಿತ್ತುಕೊಂಡರು ಅಂತ ಮುನಿದು, ಬರೆದಾತ ಗಂಟುಮೂಟೆ ಕಟ್ಟಿದ್ದ. ಬೇಬಲ್ ಅನ್ನೋ ಟೂಲು ಅದನ್ನು ನೆಚ್ಚಿತ್ತು; ಬೇಬಲ್ ನೆಚ್ಚಿದ್ದ ಬಿಲ್ಡುಗಳು ಪಟಪಟ ಉದುರಿದವು.

ಲಾಗಿನ್, ತೆರಿಗೆ ಲೆಕ್ಕ ಇವೆಲ್ಲ ಊರ ಬಾವಿ ಇದ್ದ ಹಾಗೆ, ಒಂದೇ ಇರಲಿ, ಕಾಯೋಕೆ ಒಬ್ಬರೂ ಇರಲಿ. ಸಣ್ಣಪುಟ್ಟದಕ್ಕೆ ನಾನು ಹೆಪ್ಪಿನ ಪಕ್ಷ. ಪಕ್ಕದ ಮನೆಯಿಂದ ಒಂದು ಚಮಚ ತಂದರಾಯಿತು, ಆಮೇಲೆ ಮೊಸರು ನಮ್ಮದು. ನಾಳೆ ಅವರ ಹಾಲು ಒಡೆದರೆ ನಮಗೇನು? ಕಾಪಿ-ಪೇಸ್ಟ್ ಅಂತ ಮೂಗು ಮುರಿಯೋರು ಮುರಿಯಲಿ.

ಮೊನ್ನೆ ಮಾತ್ರ, ಹಾಗೆ ತಂದು ನನ್ನದು ಮಾಡಿಕೊಂಡಿದ್ದ ಕಾಮಾ ಫಂಕ್ಷನ್ನಿನಲ್ಲಿ ಹತ್ತು ಸಾವಿರದ ಸಾಲ -,10,000 ಅಂತ ಬಂತು. ಮೈನಸ್ಸನ್ನೂ ಅಂಕಿ ಅಂತಲೇ ಎಣಿಸಿತ್ತು ಪೆದ್ದು. ತಿದ್ದಿದೆ. ಈಗ ನನ್ನಿಂದ ಹೆಪ್ಪು ಒಯ್ದವರು ಯಾರ್ಯಾರು ಅಂತ ಒಂದೊಂದೇ ಮೇಜಿಗೆ ಹೋಗಿ ವಿಚಾರಿಸುತ್ತಿದ್ದೇನೆ. ಯಾರೂ ಒಪ್ಪಿಕೊಳ್ಳುತ್ತಿಲ್ಲ.