ಸಾಲಿ ಎತ್ತಿಡೋದು

(ಅಳವಂಡಿಯ ಚಾದಂಗಡಿ. ನಿವೃತ್ತ ಮಾಸ್ತರ, ಎಂಜಿನಿಯರ್. ಚಾ ಮಾಸ್ತರದು, ಅವಸರ ಎಂಜಿನಿಯರದು.)

ಎಂಜಿನಿಯರ್: ಹಳೇ ಸಾಲಿ ಕೆಡವಾಕ ಮಂಜೂರಾತಿ ಬಂದೈತ್ರಿ. ಗ್ವಾಡಿ ಗಟ್ಟಿ ಇಲ್ಲಂತ ಬರದೀನಿ.

ಮಾಸ್ತರ: ನಿಜಾಮ ಹೋಗಿದ್ದು 1948ರಾಗ. ಅವನ ಕಾಲದ ಆ ಗ್ವಾಡಿ ಇನ್ನೂ ಹೋಗಿಲ್ರಿ ಸಾಹೇಬ್ರ. ಕಲ್ಲಿಗೆ ನಂಬರ್ ಹಾಕಿ ಬಿಚ್ಚಿ, ಊರ ಹೊರಗ ಮತ್ತ ಕಟ್ರಿ.

ಎಂಜಿನಿಯರ್: ಕಟ್ಟಡ ಎಲ್ಲ್ಯಾರ ನಡೀತಾವೇನ್ರಿ?

ಮಾಸ್ತರ: ನಮ್ಮ ಕುಕನೂರಿನ ಕಮಲ ಮಹಲ್ ನಡದೈತಲ್ರಿ! ವಿಜಯನಾಥ ಶೆಣೈ ಅವರು ಬಿಚ್ಚಿಸಿ, ಮಣಿಪಾಲಕ್ಕ ಒಯ್ದು ನಿಲ್ಲಿಸಿದ್ರು.

ಎಂಜಿನಿಯರ್: ಟೆಂಡರ್ ಯಾರಿಗಾಗಿತ್ತು?

ಮಾಸ್ತರ: ಟೆಂಡರ್ ಆಗಿದ್ರ ನಂಬರ್ ಅಷ್ಟ ಮಣಿಪಾಲ ಮುಟ್ಟತಿದ್ವು.

ಎಂಜಿನಿಯರ್: ಕೆಡವಾಕ ರೊಕ್ಕ ಐತ್ರಿ, ಬಿಚ್ಚಾಕ ಇಲ್ಲ.

ಮಾಸ್ತರ: ಗೊತ್ತೈತಿ. ಅದಕ್ಕ ಕೊಪ್ಪಳದ ಮಂದಿ ಕೊಪ್ಪಳದ ಮಹಲ್ ನೋಡಬೇಕಂದ್ರ ಟಿಕೆಟ್ ತಗಸಿ ಮಣಿಪಾಲಕ್ಕ ಹೋಗಬೇಕು.